ಎರಡು ವರ್ಷದ ಹೆಲ್ತ್ ಡಿಗ್ರಿಗೆ ಎಷ್ಟು ಸಾಲ ಮಾಡ್ಬೋದು? ಅಮೆರಿಕಾದಲ್ಲಿರೋ ನಮ್ಮೋರು ಸೇರೋಕೆ ಮುಂಚೆ ಹಾಕ್ಬೇಕಾದ ಲೆಕ್ಕ

ಕನ್ನಡ ಕೂಟದ ಯಾವ ಕಾರ್ಯಕ್ರಮಕ್ಕೆ ಹೋದ್ರೂ ಊಟದ ಸಾಲಲ್ಲಿ ಒಬ್ರಾದ್ರೂ ಕೇಳೇ ಕೇಳ್ತಾರೆ, "ಎಕ್ಸ್‌ರೇ ಕೋರ್ಸ್ ಮಾಡಿದ್ರಲ್ಲ, ಎಷ್ಟು ಖರ್ಚಾಯ್ತು, ಈಗ ಎಷ್ಟು ಬರತ್ತೆ, ನಾನೂ ಸೇರ್ಕೊಳ್ಲಾ" ಅಂತ. ನಿಂತ್ಕೊಂಡು ಎರಡು ಮಾತಲ್ಲಿ ಹೇಳೋ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೀತಿದೀನಿ. ನಾನು ಹಾಸನದಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಎಚ್4ನಲ್ಲಿ (ಎಚ್1ಬಿ ಕೆಲಸದ ವೀಸಾ ಇರೋರ ಗಂಡ, ಹೆಂಡ್ತಿಗೆ ಕೊಡೋ ವೀಸಾ) ಟೆಕ್ಸಾಸ್‌ಗೆ ಬಂದೋಳು, ಗ್ರೀನ್ ಕಾರ್ಡ್ ಬಂದ್ಮೇಲೆ ಕಮ್ಯುನಿಟಿ ಕಾಲೇಜಲ್ಲಿ, ಅಂದ್ರೆ ಕಮ್ಮಿ ಫೀಸಿನ ಲೋಕಲ್ ಸರ್ಕಾರಿ ಕಾಲೇಜಲ್ಲಿ, ರೇಡಿಯಾಲಜಿಕ್ ಟೆಕ್ನಾಲಜಿ (ಎಕ್ಸ್‌ರೇ) ಅಸೋಸಿಯೇಟ್ ಡಿಗ್ರಿ, ಅಂದ್ರೆ ಎರಡು ವರ್ಷದ ಡಿಗ್ರಿ ಮಾಡಿದೆ, ಈಗ ಆಸ್ಪತ್ರೇಲಿ ನೈಟ್ ಶಿಫ್ಟ್. ನನ್ ಜೊತೆ ಅದೇ ಶಿಫ್ಟಲ್ಲಿ, ಅದೇ ಮೆಷಿನ್ ಹತ್ರ, ಗಂಟೆಗೆ ಹೆಚ್ಚುಕಮ್ಮಿ ಅಷ್ಟೇ ಸಂಬಳಕ್ಕೆ ಕೆಲಸ ಮಾಡೋ ಗೆಳತಿ ಒಂದು ಪ್ರೈವೇಟ್ ಕಾಲೇಜಲ್ಲಿ ಇದೇ ಕೋರ್ಸ್ ಮಾಡಿ ನನಗಿಂತ ನಾಕು ಪಟ್ಟು ಸಾಲ ಹೊತ್ಕೊಂಡಿದಾಳೆ. ಇಬ್ರೂ ಬರೆದಿದ್ದು ಒಂದೇ ಎಆರ್‌ಆರ್‌ಟಿ, ಅಂದ್ರೆ ಎಕ್ಸ್‌ರೇ ಕೆಲಸಕ್ಕೆ ಸರ್ಟಿಫಿಕೇಟ್ ಕೊಡೋ ಸಂಸ್ಥೆಯ ಪರೀಕ್ಷೆ. ಆಸ್ಪತ್ರೆಯೋರು ನೋಡೋದು ಆ ಸರ್ಟಿಫಿಕೇಷನ್ ಇದ್ಯಾ ಅಂತ, ಯಾವ ಕಾಲೇಜು ಅಂತ ನನ್ನನ್ನಂತೂ ಯಾರೂ ಕೇಳ್ಲಿಲ್ಲ. ನೀವು ಕೊಂಡ್ಕೊಳ್ತಿರೋದು ಲೈಸೆನ್ಸ್ ಪರೀಕ್ಷೆ ಬರೆಯೋ ಅರ್ಹತೇನ, ಕಾಲೇಜಿನ ಹೆಸ್ರನ್ನಲ್ಲ. ಇದೊಂದು ತಲೇಲಿಟ್ಕೊಂಡು ಮುಂದಿನ ಲೆಕ್ಕ ಹಾಕಿ.

ಮೊದಲ್ನೇದು: ನಿಮ್ಮ ವೀಸಾ ಏನು ಹೇಳತ್ತೆ

ಇದನ್ನ ಎಲ್ಲರೂ ಕೊನೇಗೆ ನೋಡ್ತಾರೆ, ಮೊದಲೇ ನೋಡಿ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ರೆ ಫಾಫ್ಸಾ ಅನ್ನೋ ವಿದ್ಯಾರ್ಥಿ ಸಹಾಯದ ಫಾರ್ಮ್ ತುಂಬಿ ಫೆಡರಲ್ ಲೋನ್, ಅಂದ್ರೆ ಕೇಂದ್ರ ಸರ್ಕಾರದ ಸಾಲ, ತಗೋಬೋದು. ಎಚ್4ನಲ್ಲಿದ್ರೆ ಓದೋಕೇನೂ ಅಡ್ಡಿ ಇಲ್ಲ, ಆದ್ರೆ ಫೆಡರಲ್ ಸಹಾಯ ಒಂದು ಪೈಸೆ ಸಿಗಲ್ಲ, ಉಳಿಯೋದು ಪ್ರೈವೇಟ್ ಲೋನ್, ಅದಕ್ಕೆ ಬಡ್ಡಿ ಜಾಸ್ತಿ, ಕೋ-ಸೈನರ್, ಅಂದ್ರೆ ಜಾಮೀನು ನಿಲ್ಲೋರು, ಬೇರೆ ಬೇಕು ಅಂತಾರೆ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಇಎಡಿ, ಕೆಲಸ ಮಾಡೋಕೆ ಸರ್ಕಾರ ಕೊಡೋ ಪರ್ಮಿಟ್. 2015ರಿಂದ ಎಚ್4ಗೆ ಇಎಡಿ ಕೊಡ್ತಿದಾರೆ, ಆದ್ರೆ ಸಾಮಾನ್ಯವಾಗಿ ಗಂಡಂದೋ ಹೆಂಡ್ತೀದೋ ಐ-140, ಅಂದ್ರೆ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ, ಅಪ್ರೂವ್ ಆಗಿರ್ಬೇಕು. ಇಎಡಿ ಇಲ್ಲದೆ ಎರಡು ವರ್ಷ ಓದಿ ಲೈಸೆನ್ಸ್ ತಗೊಂಡ್ರೂ ಒಂದು ದಿನ ಸಂಬಳಕ್ಕೆ ಕೆಲಸ ಮಾಡೋ ಹಾಗಿಲ್ಲ, ಸಾಲದ ಕಂತು ಮಾತ್ರ ಶುರುವಾಗತ್ತೆ. ಆ ಪರಿಸ್ಥಿತೀಲಿದ್ರೆ ಸಾಲ ಮಾಡ್ಬೇಡಿ, ಅನಾಟಮಿ, ಫಿಸಿಯಾಲಜಿ ತರದ ಮುಂಚಿನ ಪೇಪರ್‌ಗಳನ್ನ ಕೈಲಿರೋ ದುಡ್ಡಲ್ಲಿ ಒಂದೊಂದೇ ಮುಗಿಸ್ಕೊಳ್ಳಿ. ಆದ್ರೆ ತುಂಬಾ ಬೇಗ ಮುಗಿಸಿ ಕೂತ್ಕೋಬೇಡಿ, ಐದೋ ಏಳೋ ವರ್ಷಕ್ಕಿಂತ ಹಳೇ ಸೈನ್ಸ್ ಕ್ರೆಡಿಟ್‌ನ ಸುಮಾರು ಕಾಲೇಜುಗಳು ಒಪ್ಪಲ್ಲ.

ಇನ್ನೊಂದು ವಿಷಯ, ಗ್ರೀನ್ ಕಾರ್ಡ್ ಇದ್ರೂ ನಮ್ಮೋರಿಗೆ ಶಾಕ್ ಆಗೋದು ಇಲ್ಲೇ. ವಾಪಸ್ ಕೊಡ್ಬೇಕಿಲ್ಲದ ದುಡ್ಡು ಅಂದ್ರೆ ಪೆಲ್ ಗ್ರಾಂಟ್, ವರ್ಷಕ್ಕೆ 7,395 ಡಾಲರ್ ತನಕ. ಆದ್ರೆ ಬ್ಯಾಚುಲರ್ ಡಿಗ್ರಿ ಆಗಿರೋರಿಗೆ ಅದು ಇಲ್ಲ, ಮತ್ತೆ ಇಂಡಿಯಾದ ಬಿಇ, ಬಿಎಸ್ಸಿ ಕೂಡ ಆ ಲೆಕ್ಕಕ್ಕೆ ಸೇರತ್ತೆ. "ಇಲ್ಲಿ ಡಿಗ್ರಿ ಮಾಡಿಲ್ವಲ್ಲ, ಸಿಗ್ಬೋದು" ಅಂತ ಲೆಕ್ಕದಲ್ಲಿ ಸೇರಿಸ್ಬೇಡಿ, ಫಾಫ್ಸಾದಲ್ಲಿ ಸುಳ್ಳು ಬರೀಲೇಬೇಡಿ. ಪಿಯುಸಿ ಆದ್ಮೇಲೆ ಮದುವೆಯಾಗಿ ಬಂದೋರು, ಇಲ್ಲೇ ಹೈಸ್ಕೂಲ್ ಮುಗಿಸಿದ ಮಕ್ಕಳು, ಇವ್ರಿಗೆ ಮನೆ ಆದಾಯ ನೋಡಿ ಸಿಗ್ಬೋದು.

ಎರಡ್ನೇದು: ಯಾವ ಕೆಲಸಕ್ಕೆ ಎಷ್ಟು ಸಂಬಳ

ಅಮೆರಿಕಾ ಸರ್ಕಾರದ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ಪ್ರತಿ ವರ್ಷ ಅಂಕಿ ಹಾಕತ್ತೆ. ಮೇ 2023ರ ಮೀಡಿಯನ್, ಅಂದ್ರೆ ಸಾಲಾಗಿ ನಿಲ್ಲಿಸಿದ್ರೆ ಸರಿಯಾಗಿ ಮಧ್ಯದಲ್ಲಿ ನಿಲ್ಲೋರ ವಾರ್ಷಿಕ ಸಂಬಳ, ನೋಡಿ: ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡೋ ರೇಡಿಯೇಷನ್ ಥೆರಪಿಸ್ಟ್ 98,300 ಡಾಲರ್, ಹಲ್ಲು ಕ್ಲೀನ್ ಮಾಡೋ ಡೆಂಟಲ್ ಹೈಜೀನಿಸ್ಟ್ 87,530, ಅಲ್ಟ್ರಾಸೌಂಡ್ ಮಾಡೋ ಸೋನೋಗ್ರಾಫರ್ 84,470, ಉಸಿರಾಟದ ಚಿಕಿತ್ಸೆ ಕೊಡೋ ರೆಸ್ಪಿರೇಟರಿ ಥೆರಪಿಸ್ಟ್ 77,960, ಎಕ್ಸ್‌ರೇ ಟೆಕ್ನಾಲಜಿಸ್ಟ್ 73,410, ದಿನನಿತ್ಯದ ಕೆಲಸ ಮತ್ತೆ ಮಾಡ್ಕೊಳ್ಳೋಕೆ ರೋಗಿಗಳಿಗೆ ಕಲಿಸೋ ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ 67,010, ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ 64,080, ಪಶುವೈದ್ಯರ ಹತ್ರ ಕೆಲಸ ಮಾಡೋ ವೆಟ್ ಟೆಕ್ 43,740, ಮೆಡಿಕಲ್ ಅಸಿಸ್ಟೆಂಟ್ 42,000.

ಮೇಲಿಂದ ಕೆಳಗೆ ನೋಡಿದ್ರೆ ಎರಡರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ, ಎಲ್ಲಾನೂ ಅಲೈಡ್ ಹೆಲ್ತ್ ಅನ್ನೋ ಒಂದೇ ಬೋರ್ಡ್ ಕೆಳಗೆ. "ಹೆಲ್ತ್‌ಕೇರ್‌ನಲ್ಲಿ ಏನ್ ಮಾಡಿದ್ರೂ ಸಂಬಳ ಚೆನ್ನಾಗಿರತ್ತೆ" ಅನ್ನೋ ಮಾತು ನಂಬಿ ಮೋಸ ಹೋಗೋದು ಇಲ್ಲೇ. ಮೆಡಿಕಲ್ ಅಸಿಸ್ಟಿಂಗ್ ಅಂತೂ ಹೆಚ್ಚಿನ ಕಡೆ ಒಂದು ವರ್ಷದೊಳಗಿನ ಸರ್ಟಿಫಿಕೇಟಲ್ಲೇ ಕೆಲಸ ಸಿಗತ್ತೆ, ಅದಕ್ಕೆ ಸಾಲ ಮಾಡಿ ಎರಡು ವರ್ಷದ ಡಿಗ್ರಿ ಮಾಡೋದು ನನಗೆ ಸರಿ ಕಾಣಲ್ಲ. ಊರಲ್ಲಿ ಬಿಎಸ್ಸಿ ಎಂಎಲ್‌ಟಿ ಮಾಡಿ ಲ್ಯಾಬಲ್ಲಿ ಕೆಲಸ ಮಾಡಿರೋರು ಇಲ್ಲಿ ಮತ್ತೆ ಮೊದಲಿಂದ ಓದೋಕೆ ಮುಂಚೆ ಲ್ಯಾಬ್ ಕೆಲಸಕ್ಕೆ ಸರ್ಟಿಫಿಕೇಟ್ ಕೊಡೋ ಎಎಸ್‌ಸಿಪಿ ಬೋರ್ಡ್ ಆಫ್ ಸರ್ಟಿಫಿಕೇಷನ್‌ನಲ್ಲಿ ವಿದೇಶಿ ಡಿಗ್ರಿ ಮೇಲೆ ಪರೀಕ್ಷೆಗೆ ಕೂರೋ ದಾರಿ ನಿಮಗೆ ಆಗತ್ತಾ ಅಂತ ನೋಡ್ಲೇಬೇಕು, ಆ ದಾರಿ ಆಯ್ತು ಅಂದ್ರೆ ಎರಡು ವರ್ಷಾನೂ ಉಳಿಯತ್ತೆ, ಸಾಲಾನೂ ತಪ್ಪತ್ತೆ.

ಮೂರ್ನೇದು: ಮೀಡಿಯನ್ ನಿಮ್ಮ ಸಂಬಳ ಅಲ್ಲ

ಮೇಲಿನ ಅಂಕಿ ಇಪ್ಪತ್ತು ವರ್ಷ ಸರ್ವಿಸ್ ಆದೋರನ್ನೂ ಸೇರಿಸಿ ಬಂದಿದ್ದು. ಅದೇ ಸೈಟಲ್ಲಿ ರಾಜ್ಯವಾರು, ನಗರವಾರು ಅಂಕಿನೂ ಇದೆ, ನಿಮ್ಮ ಊರು ಹಾಕಿ 25ನೇ ಪರ್ಸೆಂಟೈಲ್ (ನೂರರಲ್ಲಿ 25 ಜನಕ್ಕೆ ಅದಕ್ಕಿಂತ ಕಮ್ಮಿ ಬರತ್ತೆ) ಅಂತಿರೋ ಕಾಲಮ್ ನೋಡಿ, ಹೊಸಬರಿಗೆ ಅದೇ ಹತ್ತಿರ. ಆಮೇಲೆ ಹತ್ತಿರದ ಎರಡು ಮೂರು ಆಸ್ಪತ್ರೆಗಳ ಜಾಬ್ ಪೋಸ್ಟಿಂಗ್ ತೆಗೆದು ಹೊಸ ಗ್ರಾಜುಯೇಟ್‌ಗೆ ಗಂಟೆಗೆ ಎಷ್ಟು ಅಂತ ಬರ್ಕೊಳ್ಳಿ.

ಎಷ್ಟು ಗಂಟೆ ಕೆಲಸ ಸಿಗತ್ತೆ ಅನ್ನೋದನ್ನ ಯಾರೂ ಕೇಳಲ್ಲ. ಸರ್ಕಾರದ ವಾರ್ಷಿಕ ಅಂಕಿ ಅಂದ್ರೆ ಗಂಟೆ ಸಂಬಳಾನ 2,080 ಗಂಟೆಗೆ ಗುಣಿಸಿದ್ದು, ಅಂದ್ರೆ ವಾರಕ್ಕೆ 40 ಗಂಟೆ, ವರ್ಷ ಪೂರ್ತಿ. ಡೆಂಟಲ್ ಹೈಜೀನಿಸ್ಟ್‌ಗಳಲ್ಲಿ ಬಹಳ ಜನ ಪಾರ್ಟ್ ಟೈಮ್, ಒಂದು ಕ್ಲಿನಿಕಲ್ಲಿ ಎರಡು ದಿನ ಇನ್ನೊಂದ್ರಲ್ಲಿ ಒಂದು ದಿನ. ವಾರಕ್ಕೆ ಮೂರು ದಿನ ಅಂದ್ರೆ ಆ 87,530 ಇಳಿದು ಸುಮಾರು 52,500 ಆಗತ್ತೆ, ಹೆಲ್ತ್ ಇನ್ಶೂರೆನ್ಸ್ ಬೇರೆ ಎಷ್ಟೋ ಕಡೆ ಕೊಡಲ್ಲ. ಮನೇಲಿ ಚಿಕ್ಕ ಮಕ್ಕಳಿದ್ದು ಇನ್ಶೂರೆನ್ಸ್ ಗಂಡನ ಕಂಪನೀದು ಇದ್ರೆ ಇದು ಬಹಳ ಒಳ್ಳೇ ಕೆಲಸ, ಒಬ್ರೇ ಸಂಸಾರ ನಡಿಸೋರಿಗೆ ಮಾತ್ರ ಲೆಕ್ಕ ಬೇರೆ.

ನಾಕ್ನೇದು: ಪೂರ್ತಿ ಖರ್ಚು ಬರೆಯೋದು

ಕಮ್ಯುನಿಟಿ ಕಾಲೇಜಲ್ಲಿ ಅದೇ ಜಿಲ್ಲೆಯೋರಿಗೆ ಟ್ಯೂಷನ್ ಮತ್ತೆ ಫೀಸ್ ದೇಶದ ಸರಾಸರಿ 2024-25ರಲ್ಲಿ ವರ್ಷಕ್ಕೆ ಸುಮಾರು 4,050 ಡಾಲರ್. ಅಷ್ಟೇನಾ ಅನ್ಸತ್ತೆ, ಆದ್ರೆ ಅಷ್ಟೇ ಅಲ್ಲ. ಕೌಂಟಿ ಗಡಿ ದಾಟಿದ್ರೆ ಫೀಸ್ ಏರತ್ತೆ, ರಾಜ್ಯ ದಾಟಿದ್ರೆ ಇನ್ನೂ ಏರತ್ತೆ. ಎರಡು ವರ್ಷದ ಕೋರ್ಸ್ ಅಂತಾರೆ, ಮುಂಚಿನ ಪೇಪರ್‌ಗಳಿಗೆ ಒಂದು ವರ್ಷ ಸೇರಿಸ್ಕೊಂಡ್ರೆ ಮೂರಾಗತ್ತೆ. ಯೂನಿಫಾರ್ಮ್, ವ್ಯಾಕ್ಸಿನ್‌ಗಳ ರಕ್ತ ಪರೀಕ್ಷೆ, ಬ್ಯಾಕ್‌ಗ್ರೌಂಡ್ ಚೆಕ್, ಸಿಪಿಆರ್ ಕಾರ್ಡ್, ಕೊನೇಲಿ ಬೋರ್ಡ್ ಪರೀಕ್ಷೆ ಫೀಸ್. ಡೆಂಟಲ್ ಹೈಜೀನ್ ಆದ್ರೆ ಇನ್‌ಸ್ಟ್ರುಮೆಂಟ್ ಕಿಟ್ಟಿಗೇ ಸಾವಿರಾರು ಡಾಲರ್.

ನನಗೆ ನಿಜವಾಗ್ಲೂ ಕೈ ಕಚ್ಚಿದ್ದು ಕ್ಲಿನಿಕಲ್, ಅಂದ್ರೆ ಕೋರ್ಸಿನ ಭಾಗವಾಗಿ ಆಸ್ಪತ್ರೇಲಿ ಮಾಡೋ ತರಬೇತಿ. ಬೆಳಿಗ್ಗೆ ಆರೂಮುಕ್ಕಾಲಿಗೆ ಆಸ್ಪತ್ರೇಲಿರ್ಬೇಕು, ಕಾಲರ್‌ಗೆ ರೇಡಿಯೇಷನ್ ಅಳೆಯೋ ಡೋಸಿಮೀಟರ್ ಬ್ಯಾಡ್ಜು, ಜೇಬಲ್ಲಿ ನನ್ನ ಇನಿಷಿಯಲ್ ಇರೋ ಎಡ, ಬಲ ತೋರ್ಸೋ ಎಲ್ಲು, ಆರ್ರು ಅನ್ನೋ ಎರಡು ಸೀಸದ ಮಾರ್ಕರ್ರು, ಸೊಂಟ ಮುರ್ಕೊಂಡು ನರಳ್ತಿರೋ ಅಜ್ಜನ್ನ ನೋವಾಗದ ಹಾಗೆ ಪ್ಲೇಟ್ ಮೇಲೆ ಮಲಗ್ಸೋಕೆ ಮೊದಲ ಸಲ ನನಗೆ ಇಪ್ಪತ್ತು ನಿಮಿಷ ಹಿಡೀತು. ಆ ಕೆಲಸ ಕಲಿಯೋದು ಅಲ್ಲೇ, ಆದ್ರೆ ಆ ಗಂಟೆಗಳಿಗೆ ಒಂದು ಡಾಲರೂ ಕೊಡಲ್ಲ, ಹಗಲೆಲ್ಲಾ ಅಲ್ಲೇ ಹೋಗೋದ್ರಿಂದ ಇರೋ ಕೆಲಸ ಬಿಡ್ಬೇಕಾಗತ್ತೆ ಇಲ್ಲಾ ಅರ್ಧ ಮಾಡ್ಕೋಬೇಕಾಗತ್ತೆ. ವರ್ಷಕ್ಕೆ 30,000 ಡಾಲರ್ ದುಡೀತಿದ್ದು ಎರಡು ವರ್ಷ ಅರ್ಧಕ್ಕಿಳಿದ್ರೆ ಅಲ್ಲೇ 30,000 ಹೋಯ್ತು, ಟ್ಯೂಷನ್‌ಗಿಂತ ಎಷ್ಟೋ ದೊಡ್ಡ ಖರ್ಚು ಇದು. ಜೊತೆಗೆ ಡೇಕೇರ್, ಪೆಟ್ರೋಲು. ಎಷ್ಟೋ ಜನ ಸಾಲ ಮಾಡೋದೇ ಫೀಸಿಗಲ್ಲ, ಈ ಎರಡು ವರ್ಷ ಮನೆ ಬಾಡಿಗೆ ಕಟ್ಟೋಕೆ.

ಐದ್ನೇದು: ಸಾಲಾನ ತಿಂಗಳಿನ ಕಂತಾಗಿ ನೋಡಿ

2025-26ರಲ್ಲಿ ಅಂಡರ್‌ಗ್ರಾಜುಯೇಟ್ ಫೆಡರಲ್ ಲೋನ್ ಬಡ್ಡಿ 6.39 ಪರ್ಸೆಂಟ್. ಹತ್ತು ವರ್ಷದ ಕಂತಲ್ಲಿ ಪ್ರತಿ 10,000 ಡಾಲರ್‌ಗೆ ತಿಂಗಳಿಗೆ 113 ಡಾಲರ್. ಈ 113 ಒಂದು ನೆನಪಿಟ್ಕೊಂಡ್ರೆ ಸಾಕು. 15,000 ಸಾಲ ಅಂದ್ರೆ ಸುಮಾರು 170, 30,000 ಅಂದ್ರೆ 339, 60,000 ಅಂದ್ರೆ 678.

ಈಗ ಎಷ್ಟು ಹೊರ್ಬೋದು ಅನ್ನೋದು. ಫೆಡರಲ್ ಎಜುಕೇಷನ್ ಡಿಪಾರ್ಟ್‌ಮೆಂಟ್ 2023ರಲ್ಲಿ ತಂದ ಗೇನ್‌ಫುಲ್ ಎಂಪ್ಲಾಯ್ಮೆಂಟ್ ನಿಯಮದಲ್ಲಿ (ಕೋರ್ಸ್ ಮಾಡಿದೋರಿಗೆ ಸಾಲಕ್ಕೆ ತಕ್ಕ ಸಂಬಳ ಬರತ್ತಾ ಅಂತ ನೋಡೋ ನಿಯಮ) ಇಟ್ಕೊಂಡಿದ್ದ ಒಂದು ಅಳತೆ ಅಂದ್ರೆ ವರ್ಷದ ಕಂತು ವರ್ಷದ ಆದಾಯದ 8 ಪರ್ಸೆಂಟ್ ಒಳಗಿರ್ಬೇಕು. ಅದನ್ನ ನಾನು ಮನೇಲಿ ತಿರುಗಿಸಿ ಲೆಕ್ಕ ಹಾಕ್ದೆ: ಮೊದಲ ವರ್ಷ ಬರೋ ಸಂಬಳಾನ 0.59ರಿಂದ ಗುಣಿಸಿ, ಅದೇ ನಿಮ್ಮ ಸಾಲದ ಗಡಿ. 60,000 ಸಂಬಳಕ್ಕೆ 35,400. 40,000 ಸಂಬಳದ ವೆಟ್ ಟೆಕ್ ಕೆಲಸಕ್ಕೆ 23,600. "ಒಂದು ವರ್ಷದ ಸಂಬಳದಷ್ಟು ಸಾಲ ಮಾಡ್ಬೋದು" ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದು ನನ್ನ ಪ್ರಕಾರ ಈ ಡಿಗ್ರಿಗಳಿಗೆ ಜಾಸ್ತಿ ಸಡಿಲ, 60,000 ಸಂಬಳಕ್ಕೆ 60,000 ಸಾಲ ಅಂದ್ರೆ ಟ್ಯಾಕ್ಸ್ ಕಟ್ಟೋಕೆ ಮುಂಚಿನ ಆದಾಯದಲ್ಲೇ 13.6 ಪರ್ಸೆಂಟ್ ಹೋಗತ್ತೆ. ಮನೇಲಿ ಈಗಾಗ್ಲೇ ಕಾರ್ ಲೋನು, ಊರಿಗೆ ಕಳಿಸೋ ದುಡ್ಡು ಅಂತ ಇದ್ರೆ 0.59ನ್ನೂ ಅರ್ಧ ಮಾಡ್ಕೊಳ್ಳಿ.

2026 ಜುಲೈ 1ರಿಂದ ತಗೊಳ್ಳೋ ಹೊಸ ಫೆಡರಲ್ ಲೋನ್‌ಗಳ ಸ್ಟ್ಯಾಂಡರ್ಡ್ ಕಂತಿನ ಅವಧಿ ಸಾಲದ ಮೊತ್ತದ ಮೇಲೆ ಹೋಗತ್ತೆ, 25,000 ಡಾಲರ್ ಒಳಗಿದ್ರೆ 10 ವರ್ಷ, ಅದಕ್ಕೆ ಮೇಲಿದ್ರೆ 15, 50,000 ದಾಟಿದ್ರೆ 20. ಅವಧಿ ಉದ್ದ ಆದಾಗ ತಿಂಗಳ ಕಂತು ಚಿಕ್ಕದಾಗಿ ಕಾಣತ್ತೆ, ಒಟ್ಟು ಕಟ್ಟೋದು ಮಾತ್ರ ಬೆಳೆಯತ್ತೆ. ಅದಕ್ಕೇ ಯಾವ ಪ್ಲಾನ್ ಇದ್ರೂ ಸೇರೋಕೆ ಮುಂಚಿನ ಲೆಕ್ಕಾನ ಹತ್ತು ವರ್ಷಕ್ಕೇ ಹಾಕಿ.

ನಾನು ಮೊದಲು ವಿಚಾರಿಸಿದ ಒಂದು ಪ್ರೈವೇಟ್ ಕಾಲೇಜಿನೋರು ದಿನಕ್ಕೆ ಮೂರು ಸಲ ಫೋನ್ ಮಾಡೋರು, "ಸೀಟು ಶುಕ್ರವಾರದೊಳಗೆ ಹೋಗತ್ತೆ" ಅಂತ. ಒಟ್ಟು ಎಷ್ಟು ಅಂದ್ರೆ ಹೇಳ್ತಿರ್ಲಿಲ್ಲ, "ಮೊದಲು ಬಂದು ಕ್ಯಾಂಪಸ್ ನೋಡಿ" ಅನ್ನೋರು. ಮೊತ್ತ ಕಾಗದದ ಮೇಲೆ ಕೊಡದೋರ ಹತ್ರ ಸೈನ್ ಹಾಕ್ಬೇಡಿ. 2015ರಲ್ಲಿ ಮುಚ್ಚಿದ ಕೊರಿಂಥಿಯನ್ ಕಾಲೇಜಸ್ ಇಂಥ ಮೆಡಿಕಲ್ ಕೋರ್ಸ್‌ಗಳನ್ನೇ ಮಾರಿ ಬೆಳೆದಿದ್ದು, ಕೊನೆಗೆ 2022ರಲ್ಲಿ ಸರ್ಕಾರ ಅಲ್ಲಿ ಓದಿದ ಸುಮಾರು 5,60,000 ಜನರ 5.8 ಬಿಲಿಯನ್ ಡಾಲರ್ ಸಾಲ ಮನ್ನಾ ಮಾಡ್ಬೇಕಾಯ್ತು. ಮುಚ್ಚಿದ್ದಕ್ಕೂ ಮನ್ನಾ ಆಗಿದ್ದಕ್ಕೂ ಮಧ್ಯೆ ಏಳು ವರ್ಷ ಆ ಸಾಲ ಅವ್ರ ತಲೆ ಮೇಲೇ ಇತ್ತು ಅನ್ನೋದನ್ನ ನೆನೆಸ್ಕೊಳ್ಳಿ.

ಆರ್ನೇದು: ಎಷ್ಟು ಜನ ಮುಗಿಸ್ತಾರೆ

ಸಂಬಳಾನೂ ಸಾಲಾನೂ ಹೋಲಿಸೋರು ಮರೆಯೋದು ಇದನ್ನೇ. ಮಧ್ಯದಲ್ಲಿ ಬಿಟ್ರೆ ಲೈಸೆನ್ಸೂ ಇಲ್ಲ, ಆ ಸಂಬಳಾನೂ ಇಲ್ಲ, ಸಾಲ ಮಾತ್ರ ಇರತ್ತೆ, ಅದರಷ್ಟು ಕೆಟ್ಟ ಪರಿಸ್ಥಿತಿ ಇನ್ನೊಂದಿಲ್ಲ. ನನ್ನ ಬ್ಯಾಚಲ್ಲಿ 24 ಜನ ಸೇರಿದ್ವಿ, ಕೋರ್ಸ್ ಮುಗಿಸಿ ಪಿನ್ ಹಾಕಿಸ್ಕೊಂಡಿದ್ದು 16. ಬಿಟ್ಟೋರಲ್ಲಿ ದಡ್ರು ಯಾರೂ ಇರ್ಲಿಲ್ಲ, ಒಬ್ಬಳ ಮಗೂಗೆ ಹುಷಾರಿಲ್ಲದೆ ಹೋಯ್ತು, ಇನ್ನೊಬ್ಬನಿಗೆ ಕೆಲಸ ಬಿಡೋಕೆ ಆಗ್ಲಿಲ್ಲ, ಫಿಸಿಕ್ಸಲ್ಲಿ ಒಂದು ಸಲ 75ಕ್ಕಿಂತ ಕಮ್ಮಿ ಬಂದು ಇಬ್ರು ಹೋದ್ರು.

ಒಳ್ಳೇದೇನಂದ್ರೆ ಇದನ್ನ ಮುಂಚೇನೇ ನೋಡ್ಬೋದು. ಎಕ್ಸ್‌ರೇ ಪ್ರೋಗ್ರಾಮ್‌ಗಳಿಗೆ ಮಾನ್ಯತೆ ಕೊಡೋ ಜೆಆರ್‌ಸಿಇಆರ್‌ಟಿ, ಪರೀಕ್ಷೆ ಪಾಸಾದೋರು, ಕೆಲಸ ಸಿಕ್ಕಿದೋರು, ಕೋರ್ಸ್ ಮುಗಿಸಿದೋರು ಎಷ್ಟು ಪರ್ಸೆಂಟ್ ಅಂತ ಪ್ರತಿ ಪ್ರೋಗ್ರಾಮೂ ಸಾರ್ವಜನಿಕವಾಗಿ ಹಾಕ್ಬೇಕು ಅಂತ ನಿಯಮ ಇಟ್ಟಿದೆ. ಹೀಗೇ ಮಾನ್ಯತೆ ಕೊಡೋ ಸಂಸ್ಥೆಗಳು ಅಂದ್ರೆ ರೆಸ್ಪಿರೇಟರಿಗೆ ಕೋಆರ್ಕ್, ಫಿಸಿಕಲ್ ಥೆರಪಿ ಅಸಿಸ್ಟೆಂಟ್‌ಗೆ ಕ್ಯಾಪ್ಟಿ, ಆಕ್ಯುಪೇಷನಲ್‌ಗೆ ಎಕೋಟಿ, ಡೆಂಟಲ್ ಹೈಜೀನ್‌ಗೆ ಕೋಡಾ, ಸೋನೋಗ್ರಫಿಗೆ ಸಿಎಎಎಚ್‌ಇಪಿ. ಕಾಲೇಜಿಗೆ ಮಾನ್ಯತೆ ಇದೆ ಅಂತ ಹೇಳಿದ್ರೆ ಸಾಲ್ದು, ಆ ಪ್ರೋಗ್ರಾಮಿಗೆ ಇದ್ಯಾ ಅಂತ ಮಾನ್ಯತೆ ಕೊಡೋರ ಸೈಟಲ್ಲೇ ಹೋಗಿ ನೋಡಿ. ಮುಗಿಸೋರು 60 ಪರ್ಸೆಂಟ್ ಇದ್ರೆ ಹತ್ತರಲ್ಲಿ ನಾಕು ಜನ ಬಿಡ್ತಾರೆ ಅಂತ ಅರ್ಥ, ಅಲ್ಲಿ ಮೊದಲ ಸೆಮಿಸ್ಟರ್ ಆದಷ್ಟೂ ಸಾಲ ಇಲ್ಲದೆ ಕಟ್ಟಿ.

ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ಸೈಟಲ್ಲಿ ಕಾಲೇಜುವಾರು, ವಿಷಯವಾರು ಮೀಡಿಯನ್ ಸಾಲ, ಮೀಡಿಯನ್ ಗಳಿಕೆ ಎರಡೂ ಸಿಗತ್ತೆ, ನೋಡ್ಲೇಬೇಕಾದ ಸೈಟು, ಆದ್ರೆ ಅಲ್ಲೊಂದು ತೊಡಕಿದೆ. ಅದು ವಿಷಯಗಳನ್ನ ದೊಡ್ಡ ಗುಂಪಾಗಿ ತೋರ್ಸತ್ತೆ. ಎಕ್ಸ್‌ರೇ, ಸೋನೋಗ್ರಫಿ, ರೆಸ್ಪಿರೇಟರಿ, ಆಂಬ್ಯುಲೆನ್ಸ್ ಪ್ಯಾರಾಮೆಡಿಕ್, ಸರ್ಜಿಕಲ್ ಟೆಕ್ ಎಲ್ಲಾ ಒಂದೇ ಗುಂಪು, ಥೆರಪಿ ಅಸಿಸ್ಟೆಂಟುಗಳೂ ಮೆಡಿಕಲ್ ಅಸಿಸ್ಟೆಂಟುಗಳೂ ಇನ್ನೊಂದು ಗುಂಪು. ಹಾಗಾಗಿ ಒಂದು ಕಾಲೇಜಿನ ಅಂಕಿ ಕಮ್ಮಿ ಇದ್ರೆ ಅದು ಕೆಟ್ಟ ಕಾಲೇಜು ಅಂತಲ್ಲ, ಅಲ್ಲಿ ಪ್ಯಾರಾಮೆಡಿಕ್‌ಗಳು ಜಾಸ್ತಿ ಇರ್ಬೋದು. ಸಾಲದ ಅಂಕೀಲಿ ಬರೋದೂ ಫೆಡರಲ್ ಸಾಲ ಮಾಡಿದೋರು ಮಾತ್ರ, ಪ್ರೈವೇಟ್ ಲೋನ್ ಅದ್ರಲ್ಲಿಲ್ಲ.

ಏಳ್ನೇದು: ಕಾಯೋದಾ, ದುಬಾರಿ ಸೀಟು ತಗೊಳ್ಳೋದಾ

ಕಮ್ಯುನಿಟಿ ಕಾಲೇಜಲ್ಲಿ ಸೀಟು ಕಮ್ಮಿ, ಪಾಯಿಂಟ್ ಲೆಕ್ಕದಲ್ಲಿ ಆಯ್ಕೆ, ಕೆಲವು ಕಡೆ ವೇಟಿಂಗ್ ಲಿಸ್ಟು. ಪ್ರೈವೇಟಲ್ಲಿ ಮುಂದಿನ ತಿಂಗಳೇ ಶುರು. ಸಾಲ ಕೆಟ್ಟದ್ದು ಅಂತ ಕಣ್ಮುಚ್ಕೊಂಡು ಕಾಯೋದೂ ತಪ್ಪಾಗ್ಬೋದು, ಯಾಕಂದ್ರೆ ಕಾಯೋ ಪ್ರತಿ ವರ್ಷಾನೂ ಕಳ್ಕೊಂಡ ಸಂಬಳಾನೇ.

ಒಂದು ಉದಾಹರಣೆ. ಕಮ್ಯುನಿಟಿ ಕಾಲೇಜ್ ಒಟ್ಟು 14,000, ಪ್ರೈವೇಟ್ 52,000 ಅಂತಿಟ್ಕೊಳ್ಳಿ. ವ್ಯತ್ಯಾಸ 38,000, ಪೂರ್ತಿ ಸಾಲ ಮಾಡಿದ್ರೆ ತಿಂಗಳಿಗೆ 429 ಡಾಲರ್, ಹತ್ತು ವರ್ಷಕ್ಕೆ ಹತ್ತಿರಹತ್ತಿರ 51,500. ಈಗ ನಿಮಗೆ 36,000 ಬರ್ತಿದ್ದು ಲೈಸೆನ್ಸ್ ಆದ್ಮೇಲೆ 62,000 ಬರತ್ತೆ ಅಂದ್ರೆ ಟ್ಯಾಕ್ಸ್ ಕಳೆದು ವರ್ಷಕ್ಕೆ 20,000 ಜಾಸ್ತಿ ಕೈಗೆ ಬರತ್ತೆ ಅಂತಿಟ್ಕೊಳ್ಳಿ. ಒಂದು ವರ್ಷ ಕಾದ್ರೆ 20,000 ಹೋಯ್ತು, 51,500 ಉಳೀತು, ಕಾಯಿರಿ. ಎರಡು ವರ್ಷಕ್ಕೆ ಹತ್ತಿರ ಬಂತು. ಮೂರು ವರ್ಷ ಕಾಯ್ಬೇಕು ಅಂದ್ರೆ ದುಬಾರಿ ಸೀಟೇ ಲಾಭ, ಅದೂ ಆ ಪ್ರೋಗ್ರಾಮಿಗೆ ಮಾನ್ಯತೆ ಇದ್ದು ಮುಗಿಸೋರ ಅಂಕಿ ಚೆನ್ನಾಗಿದ್ದು ಸಾಲ ನಿಮ್ಮ 0.59 ಗಡಿಯೊಳಗೆ ಬಂದ್ರೆ ಮಾತ್ರ. ಈಗ ಏನೂ ದುಡಿಮೆ ಇಲ್ಲದೆ ಮನೇಲಿರೋರಿಗೆ ಕಾಯೋದು ಇನ್ನೂ ತುಟ್ಟಿ. ಅದಕ್ಕೇ ಮೊದಲ ದಿನದಿಂದ್ಲೇ ಒಂದೇ ಕಾಲೇಜಿಗೆ ಜೋತು ಬೀಳದೆ, ಗಂಟೆ ದೂರದಲ್ಲಿರೋ ಮೂರ್ನಾಕು ಕಮ್ಯುನಿಟಿ ಕಾಲೇಜಿಗೆ ಒಟ್ಟಿಗೆ ಅಪ್ಲೈ ಮಾಡಿ, ನನಗೆ ಸಿಕ್ಕಿದ್ದು ಮೂರ್ನೇ ಕಾಲೇಜು.

ಎಂಟ್ನೇದು: ಸಾಲಕ್ಕಿಂತ ಮುಂಚೆ ತಡಕಾಡ್ಬೇಕಾದ ದುಡ್ಡು

ಪೆಲ್ ಸಿಗದಿದ್ರೂ ಟ್ಯಾಕ್ಸ್‌ನಲ್ಲಿ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಇದೆ, ಕಟ್ಟಿದ ಫೀಸಿನ 20 ಪರ್ಸೆಂಟ್, ವರ್ಷಕ್ಕೆ 2,000 ಡಾಲರ್ ತನಕ, ಆದಾಯದ ಮಿತಿ ಇದೆ, ಹಳೇ ಡಿಗ್ರಿ ಇದ್ರೂ ನಡಿಯತ್ತೆ. ಆಸ್ಪತ್ರೇಲಿ ಯಾವ್ದಾದ್ರೂ ಚಿಕ್ಕ ಕೆಲಸಕ್ಕೆ ಸೇರ್ಕೊಂಡ್ರೆ, ಪೇಷಂಟ್ ಟ್ರಾನ್ಸ್‌ಪೋರ್ಟ್, ರಿಜಿಸ್ಟ್ರೇಷನ್ ಡೆಸ್ಕ್ ಏನಾದ್ರೂ ಸರಿ, ಕಂಪನಿಯೋರು ವರ್ಷಕ್ಕೆ 5,250 ಡಾಲರ್ ತನಕ ಟ್ಯಾಕ್ಸ್ ಇಲ್ಲದೆ ಫೀಸಿಗೋ ಸಾಲದ ಕಂತಿಗೋ ಕೊಡೋಕೆ ಕಾನೂನಲ್ಲಿ ಅವಕಾಶ ಇದೆ, ಕೊಡ್ತೀರಾ ಅಂತ ಎಚ್‌ಆರ್‌ನ ಬಾಯ್ಬಿಟ್ಟು ಕೇಳಿ. ಕೋರ್ಸ್ ಮುಗಿದ್ಮೇಲೆ ಇಷ್ಟು ವರ್ಷ ಇಲ್ಲೇ ಇರ್ಬೇಕು ಅಂತ ಕರಾರು ಇರತ್ತೆ, ಪೂರ್ತಿ ಓದಿ ಸೈನ್ ಹಾಕಿ.

ಸಾಲ ಅನಿವಾರ್ಯ ಅಂದ್ರೆ ಮೊದಲು ಸಬ್ಸಿಡೈಸ್ಡ್, ಓದೋವಾಗ ಅದಕ್ಕೆ ಬಡ್ಡಿ ಓಡಲ್ಲ, ಮೊದಲ ವರ್ಷ 3,500, ಎರಡ್ನೇ ವರ್ಷ 4,500 ಗಡಿ. ಆಮೇಲೆ ಅನ್‌ಸಬ್ಸಿಡೈಸ್ಡ್, ಅದಕ್ಕೆ ಓದೋವಾಗ್ಲೂ ಬಡ್ಡಿ ಓಡತ್ತೆ. ಮದುವೆ ಆಗಿರೋರು ಇಂಡಿಪೆಂಡೆಂಟ್ (ಅಪ್ಪ ಅಮ್ಮನ ಮೇಲೆ ಅವಲಂಬಿಸಿಲ್ಲ) ಲೆಕ್ಕ, ಎರಡೂ ಸೇರಿ ಮೊದಲ ವರ್ಷ 9,500, ಎರಡ್ನೇ ವರ್ಷ 10,500 ತನಕ ಸಿಗತ್ತೆ. ಸಿಗತ್ತೆ ಅಂತ ಪೂರ್ತಿ ತಗೋಬೇಡಿ, ಬೇಕಾದಷ್ಟಕ್ಕೆ ಮಾತ್ರ ಒಪ್ಕೋಬೋದು. ಈ ಗಡಿ ದಾಟಿ ಪ್ರೈವೇಟ್ ಲೋನ್ ಬೇಕಾಯ್ತು ಅಂದ್ರೆ ಆ ಕಾಲೇಜೇ ದುಬಾರಿ ಅಂತ ನಾನು ತಿಳ್ಕೊಳ್ತೀನಿ. ನಾನ್-ಪ್ರಾಫಿಟ್ ಆಸ್ಪತ್ರೇಲಿ 120 ಕಂತು ಕಟ್ಟಿದ್ರೆ ಉಳಿದಿದ್ದು ಮನ್ನಾ ಅಂತ ಆಸೆ ತೋರಿಸ್ತಾರೆ, ಸ್ಕೀಮ್ ನಿಜ, ಆದ್ರೆ ಹತ್ತು ವರ್ಷದ ಸ್ಟ್ಯಾಂಡರ್ಡ್ ಕಂತಲ್ಲಿ 120 ಕಟ್ಟೋ ಹೊತ್ತಿಗೆ ಸಾಲಾನೇ ಮುಗ್ದಿರತ್ತೆ. ಆದಾಯದ ಮೇಲೆ ಕಟ್ಟೋ ಪ್ಲಾನ್‌ನಲ್ಲಿದ್ರೆ ಮಾತ್ರ ಏನಾದ್ರೂ ಉಳ್ಯೋದು, ಎರಡು ವರ್ಷದ ಡಿಗ್ರಿಯ ಚಿಕ್ಕ ಸಾಲಕ್ಕೆ ಈ ಸಂಬಳದಲ್ಲಿ ಅದೂ ಕಷ್ಟ.

ಒಂಬತ್ನೇದು: ಮುಗಿದ ಮೇಲಿನ ಆರು ತಿಂಗಳು

ಕೋರ್ಸ್ ಮುಗಿದ ದಿನದಿಂದ ಆರು ತಿಂಗಳು ಗ್ರೇಸ್ ಪೀರಿಯಡ್, ಅಂದ್ರೆ ಕಂತು ಕಟ್ಬೇಕಿಲ್ಲದ ಸಮಯ, ಕೆಲಸ ಸಿಕ್ಕಿದ ದಿನದಿಂದ ಅಲ್ಲ. ಬೋರ್ಡ್ ಪರೀಕ್ಷೆ ಡೇಟ್, ರಿಸಲ್ಟು, ರಾಜ್ಯದ ಲೈಸೆನ್ಸು, ಆಸ್ಪತ್ರೆಯ ಇಂಟರ್‌ವ್ಯೂ, ಮತ್ತೆ ಬ್ಯಾಕ್‌ಗ್ರೌಂಡ್ ಚೆಕ್ಕು ಅಂತ ನನಗೆ ಮೊದಲ ಸಂಬಳ ಬರೋ ಹೊತ್ತಿಗೆ ಮೂರೂವರೆ ತಿಂಗಳು ಕಳ್ದಿತ್ತು. ಅಷ್ಟು ದಿನದ ಮನೆ ಖರ್ಚನ್ನ ಕೊನೇ ಸೆಮಿಸ್ಟರ್‌ಗೆ ಮುಂಚೆ ಎತ್ತಿಡಿ. ಸಂಬಳ ಶುರುವಾದ ತಿಂಗಳೇ, ಗ್ರೇಸ್ ಇನ್ನೂ ಇದ್ರೂ, ಅನ್‌ಸಬ್ಸಿಡೈಸ್ಡ್ ಲೋನ್ ಮೇಲೆ ಓದೋವಾಗ ಬೆಳೆದಿರೋ ಬಡ್ಡೀನ ಮೊದಲು ಕಟ್ಟಿಬಿಡಿ. ನನ್ನದು ಆಗ 1,100 ಡಾಲರ್ ಚಿಲ್ರೆ ಇತ್ತು, ಎರಡು ತಿಂಗಳ ನೈಟ್ ಶಿಫ್ಟ್ ಭತ್ಯೆಯಲ್ಲಿ ತೀರ್ತು.